ಓರೆಯಾಗಿ ನಿಂತ ದಪ್ಪಕ್ಷರ

ಅಕ್ಷರವನ್ನು ಓರೆ ಮಾಡುವುದೆಂದರೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತುವ ಕೆಲಸ ಎಂಬುದು ಸಾಮಾನ್ಯ ನಂಬಿಕೆ. ‘ಫ್ಯೂಚುರಾ ಬೋಲ್ಡ್ ಒಬ್ಲಿಕ್’ ಎಂಬ ಇಂಗ್ಲಿಷ್ ದಪ್ಪಕ್ಷರವನ್ನು ಹತ್ತಿರದಿಂದ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಜರ್ಮನಿಯ ಪಾಲ್ ರೆನ್ನರ್ ರೂಪಿಸಿದ ಫ್ಯೂಚುರಾವನ್ನು ಫ್ರಾಂಕ್‌ಫರ್ಟಿನ ಬಾವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಹೊರತಂದಿತು. ವೃತ್ತ, ತ್ರಿಕೋನ, ನೇರಗೆರೆ ಇಷ್ಟರಿಂದಲೇ ಕಟ್ಟಿದಂತೆ ಕಾಣುವ ಅಕ್ಷರಗಳು. ಗೆರೆಯ ತುದಿಯಲ್ಲಿ ಬಾಲವಿಲ್ಲ, ಕುಸುರಿಯಿಲ್ಲ. ಆದರೆ ಕೈವಾರ, ಅಳತೆಪಟ್ಟಿಗಳಿಂದಷ್ಟೇ ಇವು ಹುಟ್ಟಿದ್ದಲ್ಲ. ಸಣ್ಣ ‘ಎನ್’ ಅಕ್ಷರದ ಕಮಾನು ಕಂಬವನ್ನು ಸೇರುವ ಕಡೆ ಗೆರೆ ತುಸು ತೆಳುವಾಗಿದೆ. ಇಲ್ಲದಿದ್ದರೆ ಅಲ್ಲಿ ಮಸಿ ಗಂಟುಕಟ್ಟಿದಂತೆ ಕಾಣುತ್ತಿತ್ತು. ದುಂಡನೆಯ ‘ಓ’ ಸಾಲಿನಿಂದ ಕೂದಲೆಳೆಯಷ್ಟು ಕೆಳಗಿಳಿದಿದೆ. ಇಳಿಯದಿದ್ದರೆ ಪಕ್ಕದ ಅಕ್ಷರಕ್ಕಿಂತ ಕಿರಿದೆನಿಸುತ್ತಿತ್ತು. ಲೆಕ್ಕ ತಪ್ಪಿದರೂ ಕಣ್ಣಿಗೆ ಸರಿ ಕಾಣಬೇಕು, ಇದೇ ಇಲ್ಲಿನ ನ್ಯಾಯ.

ಓರೆ ಮಾಡಿದಾಗ ಈ ನ್ಯಾಯಕ್ಕೆ ನಿಜವಾದ ಪರೀಕ್ಷೆ. ದಪ್ಪ ಬಳೆಯಂಥ ‘ಓ’ವನ್ನು ಸುಮ್ಮನೆ ಬಲಕ್ಕೆ ತಳ್ಳಿದರೆ ಮೇಲಿನ ಬಲಮೂಲೆ, ಕೆಳಗಿನ ಎಡಮೂಲೆ ಉಬ್ಬುತ್ತವೆ, ಉಳಿದೆರಡು ಮೂಲೆಗಳು ಸೊರಗುತ್ತವೆ. ಸಣ್ಣ ಗೆರೆಯ ಅಕ್ಷರದಲ್ಲಿ ಇದು ಮರೆಯಾದೀತು, ದಪ್ಪಕ್ಷರದಲ್ಲಿ ಮುಚ್ಚಿಡಲು ಜಾಗವಿಲ್ಲ. ಅದಕ್ಕೇ ಬಲ್ಲವರು ಪ್ರತಿ ತಿರುವನ್ನೂ ಮತ್ತೆ ತಿದ್ದಿ ಬರೆಯುತ್ತಾರೆ. ಓದುಗರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದು ಕೇಳಬಹುದು. ಕಾರಣ ತಿಳಿಯದಿರಬಹುದು, ಅಕ್ಷರ ಜಾರಿಬೀಳುತ್ತಿದೆ ಎಂಬ ಕಸಿವಿಸಿ ತಿಳಿಯದೇ ಇರದು. ಈ ಅಕ್ಷರ ಬರೀ ಅರಚಾಟ ಎನ್ನುವವರೂ ಇದ್ದಾರೆ. ಇಡೀ ಪುಟ ತುಂಬಿಸಿದರೆ ಖಂಡಿತ ಅರಚಾಟವೇ. ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಹಾಗೆ ಮಾಡಲಿಲ್ಲ. ಪತ್ರಿಕೆಯ ಪುಟವಿನ್ಯಾಸದಲ್ಲಿ ಪಳಗಿದ ಅವರು ಕಪ್ಪು-ಬಿಳುಪು ಚಿತ್ರದ ಮೇಲೆ ಕೆಂಪು ಪಟ್ಟಿ ಎಳೆದು, ಅದರಲ್ಲಿ ಈ ಅಕ್ಷರದಿಂದ ನಾಲ್ಕಾರು ಬಿಳಿ ಪದಗಳನ್ನಷ್ಟೇ ಇಟ್ಟರು. 1989ರಲ್ಲಿ ವಾಷಿಂಗ್ಟನ್‌ನ ಮಹಿಳಾ ಮೆರವಣಿಗೆಗೆ ಅವರು ಮಾಡಿದ ಭಿತ್ತಿಪತ್ರ ಇಂದಿಗೂ ನೆನಪಿನಲ್ಲಿರುವುದರಲ್ಲಿ ಪದಗಳ ಹರಿತಕ್ಕೆ ಎಷ್ಟು ಪಾಲಿದೆಯೋ ಆ ಓರೆಯ ರಭಸಕ್ಕೂ ಅಷ್ಟೇ ಪಾಲಿದೆ.

ಕನ್ನಡದಲ್ಲಿ ಅದೇ ಗುಂಡಿ ಒತ್ತಿದರೆ ಆಗುವ ಹಾನಿ ಇನ್ನೂ ದೊಡ್ಡದು. ನಮ್ಮ ಲಿಪಿಯ ಮೈಯೇ ದುಂಡು, ಸೊನ್ನೆ ಮೊಟ್ಟೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಒತ್ತಕ್ಷರದ ಪಾಡು. ಓರೆಯಾದಾಗ ಸಾಲಿನ ಮೇಲಿನದು ಬಲಕ್ಕೂ ಕೆಳಗಿನದು ಎಡಕ್ಕೂ ಸರಿಯುವುದರಿಂದ, ‘ಅಕ್ಕ’ ಎಂದು ಬರೆದರೆ ತಲೆಕಟ್ಟು ಮುಂದಕ್ಕೆ ಬಾಗಿ, ಒತ್ತು ಹಿಂದಕ್ಕೆ ಹೋಗಿ ಮೇಲಿನ ಅಕ್ಷರದ ಅಡಿಗೆ ನುಸುಳುತ್ತದೆ. ಕನ್ನಡಕ್ಕೆ ಓರೆಯೇ ಬೇಡ ಎಂಬ ವಾದವನ್ನು ನಾನು ಒಪ್ಪಲಾರೆ. ಸಿನಿಮಾ ಶೀರ್ಷಿಕೆಗೆ, ಅಂಗಡಿ ಫಲಕಕ್ಕೆ ಆ ವೇಗ ಬೇಕಾಗುತ್ತದೆ. ಆದರೆ ಅದನ್ನು ಬರೆಯುವವರು ಒತ್ತನ್ನು ಬೇರೆಯಾಗಿ ಹಿಡಿದು, ಬಲಕ್ಕೆ ತಂದು ಕೂರಿಸಿ, ಸೊನ್ನೆಯ ದಪ್ಪವನ್ನು ಸುತ್ತಲೂ ಕಣ್ಣಳತೆಯಲ್ಲಿ ತಿದ್ದಬೇಕು.