ಕಟ್ಟಿದ ನಾಯಿಯ ಬಾಯಾರಿಕೆ

ಚರಕಸಂಹಿತೆಯ ಸೂತ್ರಸ್ಥಾನವು ತಡೆಯಬಾರದ 13 ವೇಗಗಳನ್ನು ಹೇಳುತ್ತದೆ. ಬಾಯಾರಿಕೆಯೂ ಅವುಗಳಲ್ಲೊಂದು. ಅದನ್ನು ತಡೆದರೆ ಗಂಟಲು ಒಣಗಿ, ಬಳಲಿಕೆ ಮತ್ತು ಹೃದಯದಲ್ಲಿ ವ್ಯಥೆ ಉಂಟಾಗುತ್ತವೆಂದು ಶಾಸ್ತ್ರವು ಎಚ್ಚರಿಸುತ್ತದೆ. ಮನುಷ್ಯನು ತನ್ನ ಬಾಯಾರಿಕೆಯನ್ನು ತಾನೇ ತಡೆಯುತ್ತಾನೆ; ಸರಪಳಿಯಲ್ಲಿರುವ ನಾಯಿಯ ಬಾಯಾರಿಕೆಯನ್ನು ತಡೆಯುವವರು ನಾವು.

ಸುಳ್ಯ ತಾಲೂಕಿನ ಐವರ್ನಾಡಿನಂತಹ ಅಡಿಕೆ ತೋಟಗಳ ಊರುಗಳಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗೆ ಈ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಾಯಿಯು ನಮ್ಮಂತೆ ಮೈಯೆಲ್ಲ ಬೆವರಿ ತಣಿಯಲಾರದು. ನಾಲಗೆ ಚಾಚಿ ತೇಕುವಾಗ ಬಾಯಿಯ ತೇವವು ಆವಿಯಾಗಿ ದೇಹ ತಂಪಾಗುತ್ತದೆ. ಕರಾವಳಿಗೆ ಸಮೀಪದ ಈ ಸೀಮೆಯ ತೇವಭರಿತ ಗಾಳಿಯಲ್ಲಿ ಆ ಕ್ರಿಯೆ ನಿಧಾನವಾಗುವುದರಿಂದ ನಾಯಿ ಹೆಚ್ಚು ಹೊತ್ತು ತೇಕಬೇಕಾಗುತ್ತದೆ. ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ ಕಟ್ಟಿದರೆ ಬೆಳಗಿನ ನೆರಳು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ಮಗುಚಿದ ಪಾತ್ರೆಯನ್ನು ಅದು ತಾನೇ ತುಂಬಿಕೊಳ್ಳಲಾರದು.

ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 50ರಿಂದ 60 ಮಿಲಿಲೀಟರ್ ನೀರು ಬೇಕು. 15 ಕಿಲೋ ತೂಕದ ನಾಯಿಗೆ ಇದು ಮುಕ್ಕಾಲು ಲೀಟರಿಗೂ ಮೇಲಾಗುತ್ತದೆ. ಬಿಸಿಲಿನಲ್ಲಿ, ಹಾಲೂಡಿಸುವಾಗ, ವಾಂತಿಭೇದಿಯಲ್ಲಿ ಇನ್ನೂ ಹೆಚ್ಚು ಬೇಕು. ಸುಲಭವಾಗಿ ಮಗುಚದ ಭಾರವಾದ ಪಾತ್ರೆಯನ್ನು ನೆರಳಿನಲ್ಲಿಟ್ಟು, ದಿನಕ್ಕೆ ಎರಡು ಬಾರಿಯಾದರೂ ತೊಳೆದು ನೀರು ಬದಲಿಸಬೇಕು. ಉಪ್ಪು ಹಾಕದ ತೆಳು ಗಂಜಿಯನ್ನೂ ಕೊಡಬಹುದು. ಆದರೆ ಅದು ನೀರಿಗೆ ಬದಲಿಯಲ್ಲ. ಒಣಮೀನಿನ ಉಪ್ಪು ಬಾಯಾರಿಕೆಯನ್ನು ಹೆಚ್ಚಿಸುತ್ತದೆ. ಮೈಲುತುತ್ತಿನ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮಿನ ನೀರು ನಾಯಿಯ ಬಾಯಿಗೆ ಸಿಗಲೇಬಾರದು.

ವಸಡನ್ನು ಮುಟ್ಟಿದರೆ ಅಂಟಂಟಾಗಿರುವುದು, ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ತಡವಾಗಿ ಇಳಿಯುವುದು, ಕಣ್ಣು ಗುಳಿಬೀಳುವುದು, ಮೂತ್ರ ಕಡಿಮೆಯಾಗಿ ಗಾಢವಾಗುವುದು ನೀರು ಕಡಿಮೆಯಾದ ಲಕ್ಷಣಗಳು. ತೇಕುತ್ತಾ ತೂರಾಡಿದರೆ ಅಥವಾ ಕುಸಿದರೆ ಕೂಡಲೇ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತಾ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು. ಪ್ರಜ್ಞೆ ಸರಿಯಿದ್ದರೆ ಸ್ವಲ್ಪ ಸ್ವಲ್ಪವೇ ಕುಡಿಯಲು ಬಿಡಬೇಕು. ಬಲವಂತವಾಗಿ ಬಾಯಿಗೆ ಸುರಿಯಬಾರದು.

ಒಂದು ಎಚ್ಚರಿಕೆ: ಜೊಲ್ಲು ಸುರಿಸುತ್ತಾ, ನೀರು ನುಂಗಲಾಗದೆ, ವಿಚಿತ್ರವಾಗಿ ವರ್ತಿಸುವ ನಾಯಿಯ ಬಾಯಿಗೆ ಕೈಹಾಕಬಾರದು. ಅದು ಹುಚ್ಚುನಾಯಿ ರೋಗವೂ ಆಗಿರಬಹುದು. ದೂರವಿದ್ದು ಪಶುವೈದ್ಯರಿಗೆ ತಿಳಿಸಬೇಕು.

ಮನೆ ಕಾಯುವ ಜೀವಕ್ಕೆ ಕೇಳಲು ಮಾತಿಲ್ಲ. ಮಧ್ಯಾಹ್ನ ನಾವು ಊಟಕ್ಕೆ ಕೂರುವ ಮುನ್ನ ಅದರ ಪಾತ್ರೆಯನ್ನೊಮ್ಮೆ ನೋಡುವುದು ಮನೆಯ ನಿಯಮವಾಗಲಿ.