ದುರ್ಗದ ಕಥಾಮಾಲೆಯ ಕಡೆಯ ಗ್ರಂಥ

ಹಂಪೆಯನ್ನು ನೋಡಿ ಹೊಸಪೇಟೆಗೆ ಮರಳುವ ಹೆಣ್ಣುಮಕ್ಕಳು, “ಇಷ್ಟು ದೊಡ್ಡ ರಾಜ್ಯವು ಹೇಗೆ ಹಾಳಾಯಿತು?” ಎಂದು ಕೇಳುವುದುಂಟು. 1565ರ ಯುದ್ಧದಿಂದ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ರಾಜ್ಯವು ಒಂದೇ ದಿನದಲ್ಲಿ ಅಳಿಯುವುದಿಲ್ಲವೆಂಬುದನ್ನು ಅರಿಯಬೇಕಾದರೆ, ವಿಜಯನಗರಕ್ಕೆ ಅಧೀನರಾಗಿದ್ದ ಚಿತ್ರದುರ್ಗದ ನಾಯಕರ ವಂಶವನ್ನು ಕುರಿತು ತ. ರಾ. ಸುಬ್ಬರಾಯರು ರಚಿಸಿದ ಕಾದಂಬರಿಗಳನ್ನು ಓದಬೇಕು.

ಮಾಲೆಯ ಕಡೆಯ ಗ್ರಂಥವಾದ ‘ದುರ್ಗಾಸ್ತಮಾನ’ವು 1982ರಲ್ಲಿ ಪ್ರಕಟವಾಯಿತು. ಗ್ರಂಥಕರ್ತರು 1984ರಲ್ಲಿ ತೀರಿಕೊಂಡರು. ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಕಥೆಯ ಕೊನೆಯನ್ನು ಹೆಸರೇ ಹೇಳುವುದು: 1779ರಲ್ಲಿ ಹೈದರಾಲಿಯು ಏಳುಸುತ್ತಿನ ಕೋಟೆಯನ್ನು ಗೆದ್ದು, ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು.

ಕೊನೆಯು ತಿಳಿದಿರುವಾಗ ಓದುವುದೇಕೆ? ಮಾಲೆಯ ಮೊದಲ ಗ್ರಂಥಗಳಾದ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ, ಅದಕ್ಕೆ ಸುಮಾರು ನೂರು ವರ್ಷ ಹಿಂದಿನ ಅರಮನೆಯ ಒಳಸಂಚನ್ನೂ ದಳವಾಯಿ ಮುದ್ದಣ್ಣನ ಅಧಿಕಾರಲೋಭವನ್ನೂ ಕಾಣುವೆವು. ಆಗ ಪರರ ಸೈನ್ಯವು ಬಾರದೆಯೇ ದುರ್ಗದಲ್ಲಿ ರಕ್ತವು ಹರಿಯಿತು. ಆದರೂ ರಾಜ್ಯವು ಚೇತರಿಸಿಕೊಂಡಿತು; ‘ಹೊಸಹಗಲು’ ಎಂಬ ಹೆಸರೇ ಅದಕ್ಕೆ ಸಾಕ್ಷಿ. 1779ರಲ್ಲಿ ಮಾತ್ರ ಚೇತರಿಕೆಯುಂಟಾಗಲಿಲ್ಲ. ಈ ಪತನಕ್ಕೂ ಒಳಗಿನವರ ದ್ರೋಹವು ಕಾರಣವಾಯಿತೆಂದು ಇತಿಹಾಸಕಾರರು ಬರೆದಿರುವರು. ಗೋಡೆಗಳು ಅವೇ ಇದ್ದವು. ಅವುಗಳೊಳಗಿನ ಪರಸ್ಪರ ವಿಶ್ವಾಸವು ಮಾತ್ರ ಉಳಿಯಲಿಲ್ಲ.

ಕಾದಂಬರಿಯು ಚರಿತ್ರೆಯಲ್ಲ, ಅದರ ಸಂಭಾಷಣೆಗಳು ಕಲ್ಪನೆಯವು. ಇದನ್ನು ಮಕ್ಕಳಿಗೆ ತಿಳಿಸಿದ ಬಳಿಕವೇ ಪುಸ್ತಕವನ್ನು ಅವರ ಕೈಗಿಡುವುದು ಯೋಗ್ಯ. ಕಡೆಯ ಗ್ರಂಥವನ್ನಷ್ಟೇ ಓದಿದವರು ಹೊರಗಿನ ಶತ್ರುವನ್ನು ದೂಷಿಸಿ ನಿಲ್ಲುವರು. ಮೊದಲಿನಿಂದ ಓದಿದವರು ತಮ್ಮ ಮನೆ, ತಮ್ಮ ಊರುಗಳ ಒಳಜಗಳಗಳನ್ನೂ ನೆನೆಯುವರು. ಹಂಪೆಯ ಕಲ್ಲುಗಳ ನಡುವೆ ಮಗಳು ಮತ್ತೆ ಆ ಪ್ರಶ್ನೆಯನ್ನು ಕೇಳಿದಾಗ, ಒಂದು ಇಸವಿಯನ್ನು ಹೇಳಿ ನಾವು ಸುಮ್ಮನಾಗಬಾರದು.