“ಯಾದಗಿರಿಯವ್ರಾ?” ಅನ್ನೋ ಪ್ರಶ್ನೆ

ಯಾದಗಿರಿ, ಶಹಾಪುರ, ಸುರಪುರದ ಹುಡುಗ್ರು ಬೆಂಗಳೂರಿನ ಹಾಸ್ಟೆಲಿನಲ್ಲಿ “ಏನ್ ಮಾಡಾಕತ್ತೀರಿ” ಅಂದ್ರೆ ಸಾಕು, ಯಾರಾದ್ರೂ ನಗ್ತಾರೆ. ಆಮೇಲಿನ ಪ್ರಶ್ನೆ, “ನಿಂದು 371(ಜೆ) ಸೀಟಾ?” ತಮಾಷೆನೇ ಇರಬಹುದು. ಆದರೆ ಪೂರ್ವಗ್ರಹ ಕೆಲಸ ಮಾಡೋದೇ ಹೀಗೆ: ಒಂದು ಜಿಲ್ಲೆಯ ಸರಾಸರಿಯನ್ನ ತಂದು ಒಬ್ಬನ ಹಣೆಗೆ ಅಂಟಿಸೋದು. ಸ್ಟ್ಯಾಟಿಸ್ಟಿಕ್ಸ್ ಪೇಪರಿನಲ್ಲಿ ಹೀಗೆ ಬರೆದ್ರೆ ಮಾರ್ಕ್ಸ್ ಸಿಗಲ್ಲ!

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ರಾಜ್ಯಕ್ಕೇ ಕೊನೆ. ಅಂಕಿ ಸುಳ್ಳಲ್ಲ. ಆದರೆ ಅದು ಹೇಳೋದು ಶಾಲೆಗಳ ಕತೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಸುರಪುರ ಬ್ರಿಟಿಷರ ವಿರುದ್ಧ ಎದ್ದು ಸೋತಿತು, ಮುಂದೆ ನಿಜಾಮರ ಪಾಲಾಯ್ತು. 1948ರವರೆಗೆ ಆಡಳಿತ, ಮೇಲಿನ ಓದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡೋ ಮಗುವಿಗೆ ಹೈಸ್ಕೂಲೇ ಪರದೇಶ. ಆ ಹಳೇ ಬಾಕಿ ತೀರಿಸೋಕೆ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ಬಂತು. ಕಲ್ಯಾಣ ಕರ್ನಾಟಕದ ಹೊರಗೆ ಅದರ ಪಾಲು ಶೇ. 8. ಅಷ್ಟರೊಳಗೆ ಏಳು ಜಿಲ್ಲೆಯ ಮಕ್ಕಳು ಪೈಪೋಟಿ ಮಾಡ್ಬೇಕು. ಬಿಟ್ಟಿ ಸೀಟು ಅನ್ನೋರು ಇದನ್ನ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ.

ಹಂಗಂತ ನಮ್ಮ ಕಡೆಯವ್ರೂ ಸಾಚಾ ಏನಲ್ಲ. ಭಾಷೆಗೆ ನಕ್ಕರೆ ಸಿಡಿದೇಳೋ ಹುಡುಗನೇ ರಜೆಗೆ ಊರಿಗೆ ಹೋದಾಗ, ಚಹಾದಂಗಡಿಯಲ್ಲಿ ದಲಿತರಿಗೆ ಬ್ಯಾರೆ ಗ್ಲಾಸ್ ಇಟ್ಟಿದ್ರೆ ಕಂಡೂ ಕಾಣದಂಗ ಚಹಾ ಕುಡಿದು ಬರ್ತಾನ. ಅಸ್ಪೃಶ್ಯತೆ ಅಪರಾಧ ಅಂತ 1955ರಲ್ಲೇ ಕಾಯ್ದೆ ಬಂದಿದೆ. ಹಾಸ್ಟೆಲಿಗೆ ವಾಪಸ್ ಬಂದ್ಮೇಲೆ ಹೊಸ ರೂಮ್‌ಮೇಟಿಗೆ ಅವನು ಮೊದಲು ಕೇಳೋದು ಅಡ್ಡಹೆಸರು. ಯಾಕೆ ಅಂತ ಇಬ್ಬರಿಗೂ ಗೊತ್ತಿರ್ತದ.